ಮೆಟ್ಟುಗತ್ತಿಯ ಮಳೆಗಾಲ

ದುರ್ಗಾಷ್ಟಮಿಯ ಬೆಳಿಗ್ಗೆ. ಮಳೆಗಾಲ ಮುಗಿಯಿತೆಂದು ಕ್ಯಾಲೆಂಡರ್ ಹೇಳುತ್ತದೆ, ಸಾಗರ ಸೀಮೆಯ ಆಕಾಶ ಇನ್ನೂ ಒಪ್ಪಿಲ್ಲ. ಅಂಗಳದ ಕಲ್ಲಿನ ಮೇಲೆ ಹಾವಸೆ, ಮಾಡಿನ ಹಂಚಿನಿಂದ ರಾತ್ರಿಯ ಮಳೆಯ ಕೊನೆಯ ಹನಿಗಳು. ಜಗಲಿಯ ತುದಿಯಲ್ಲಿ ಮನೆಯ ಕಬ್ಬಿಣವೆಲ್ಲ ಸಾಲಾಗಿ ಬಂದು ಕೂತಿದೆ. ಹಾರೆ, ಪಿಕಾಸಿ, ಎರಡು ಕುಡುಗೋಲು, ಸೊಪ್ಪು ಕಡಿಯುವ ಕತ್ತಿ, ದೋಟಿಯ ತುದಿಗೆ ಕಟ್ಟುವ ಪುಟ್ಟ ಕತ್ತಿ, ಅಜ್ಜನ ಅಡಕತ್ತರಿ, ಕಾಯಿ ತುರಿಯುವ ಹೆರೆಮಣೆ, ಹಿಡಿ ಕಳೆದುಕೊಂಡ ಒಂದು ಸುತ್ತಿಗೆ. ಪಕ್ಕದಲ್ಲಿ ಒಂದು ಬಾಲ್ದಿ ನೀರು, ತೆಂಗಿನ ನಾರು, ಹುಣಸೆಹಣ್ಣಿನ ಗಸಿ, ಎಣ್ಣೆ ಬಟ್ಟಲು.

ನಾಳೆ ಆಯುಧಪೂಜೆ. ಇವಕ್ಕೆಲ್ಲ ರಜ. ಹಾಗಾಗಿ ನಾಳೆಯ ಹುಳಿಗೆ ಬೇಕಾದ ಮೊಗೆಕಾಯಿಯನ್ನು ಚಿಕ್ಕಮ್ಮ ಇವತ್ತೇ ಹೆಚ್ಚಿಟ್ಟುಕೊಳ್ಳುತ್ತಿದ್ದಾಳೆ. ಎಡ ಮೊಣಕಾಲು ಎತ್ತಿ, ಬಲ ಪಾದವನ್ನು ಮಣೆಯ ಮೇಲೂರಿ ಕೂತಿದ್ದಾಳೆ. ಮಣೆಯಿಂದ ಮೇಲೆದ್ದ ಅಲಗು ಗಿಳಿಯ ಕೊಕ್ಕಿನ ಹಾಗೆ ಅವಳ ಕಡೆಗೇ ಬಾಗಿದೆ. ಹೊಸಬರಿಗೆ ನೋಡಿದರೆ ಭಯವಾಗಬೇಕು. ಮೊಗೆಕಾಯಿಯ ಹೋಳು ಎರಡು ಕೈಯ ಬೆರಳುಗಳ ನಡುವೆ ಮುಂದೆ ಹೋಗುತ್ತದೆ, ‘ಸರಕ್’ ಅನ್ನುತ್ತದೆ, ಎರಡಾಗಿ ನೀರಿಗೆ ಬೀಳುತ್ತದೆ. ಚಾಕುವಾದರೆ ಅದೇ ತರಕಾರಿಯ ಹತ್ತಿರ ಹೋಗಬೇಕು. ಇಲ್ಲಿ ಕತ್ತಿ ಮನೆಯ ಯಜಮಾನನ ಹಾಗೆ ಕೂತಲ್ಲೇ ಕೂತಿರುತ್ತದೆ, ತರಕಾರಿಯೇ ಅದರ ಬಳಿ ಬರಬೇಕು. ಮೈಸೂರು ಕಡೆಯವರು ಇದನ್ನು ಈಳಿಗೆಮಣೆ ಎನ್ನುತ್ತಾರೆ. ನಮ್ಮಲ್ಲಿ ಮೆಟ್ಟುಗತ್ತಿ. ಕಾಲಿನಲ್ಲಿ ಮೆಟ್ಟಿ ಹಿಡಿಯುವ ಕತ್ತಿಗೆ ಅದಕ್ಕಿಂತ ನೇರವಾದ ಹೆಸರು ಬೇಕಿಲ್ಲ.

ಗಮನಿಸಿ ಕೇಳಿದರೆ ‘ಸರಕ್’ ಬಿಟ್ಟು ಬೇರೆ ಸದ್ದೇ ಇಲ್ಲ. ಅಲಗು ಮಣೆಯಲ್ಲಿ ಅಲ್ಲಾಡುವುದಿಲ್ಲ. ಇದನ್ನೇಕೆ ಹೇಳುತ್ತೇನೆಂದರೆ, ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ನಾನು ತಂದ ಚೀಲದೊಳಗಿನ ಇನ್ನೊಂದು ಮೆಟ್ಟುಗತ್ತಿ ದಾರಿಯುದ್ದಕ್ಕೂ, ಬಸ್ಸು ಕುಲುಕಿದಾಗಲೆಲ್ಲ, ‘ಕಟಕ್ ಕಟಕ್’ ಎನ್ನುತ್ತಲೇ ಬಂದಿತ್ತು.

ಎರಡೂ ಒಡಹುಟ್ಟಿದವು. ಹಿತ್ತಿಲಿನ ಹಲಸಿನ ಮರ ಒಂದು ಗಾಳಿಮಳೆಗೆ ಬಿದ್ದಾಗ ಅಜ್ಜ ಅದರಲ್ಲಿ ಉಗ್ರಾಣದ ಬಾಗಿಲು ಮಾಡಿಸಿದನಂತೆ. ಉಳಿದ ತುಂಡಿನಲ್ಲಿ ಎರಡು ಮಣೆ. ಒಂದು ಇಲ್ಲೇ ಉಳಿಯಿತು. ಇನ್ನೊಂದು ಅಮ್ಮನ ಮದುವೆಯಾದ ಮೇಲೆ ಕೊಪ್ಪರಿಗೆ, ಚಂಬುಗಳ ಜೊತೆ ಟ್ರಂಕು ಹತ್ತಿ ಬೆಂಗಳೂರಿಗೆ ಹೋಯಿತು. ವಠಾರದ ಮನೆಯ ನೆಲದ ಅಡುಗೆಯಲ್ಲಿ ಎಷ್ಟೋ ವರ್ಷ ದುಡಿಯಿತು. ಆಮೇಲೆ ಅಡುಗೆಕಟ್ಟೆ ಬಂತು, ಅಮ್ಮನಿಗೆ ಮಂಡಿನೋವು ಬಂತು, ಮೆಟ್ಟುಗತ್ತಿ ಮೂಲೆ ಸೇರಿತು. ಅಮ್ಮ ಹೋದ ಮೇಲೆ ನನಗೆ ಅದರ ಮೇಲೆ ಇದ್ದಕ್ಕಿದ್ದಂತೆ ಮಮಕಾರ ಹುಟ್ಟಿತು. ಮಮಕಾರ ಹುಟ್ಟಿದವರು ಮಾಡುವ ಎಲ್ಲ ಕೆಲಸಗಳನ್ನೂ ಮಾಡಿದೆ. ಪೀಠೋಪಕರಣ ಕೆಲಸಕ್ಕೆ ಬಂದಿದ್ದ ಹುಡುಗನಿಂದ ಮಣೆಗೆ ಹೊಳೆಯುವ ವಾರ್ನಿಷ್ ಬಳಿಸಿದೆ. ಅಲಗನ್ನು ಚೆನ್ನಾಗಿ ತೊಳೆದು, ವರ್ತಮಾನಪತ್ರಿಕೆ ಸುತ್ತಿ, ಅದರ ಮೇಲೆ ಗುಳ್ಳೆ ಪ್ಲಾಸ್ಟಿಕ್ ಸುತ್ತಿ, ಅಂಟುಪಟ್ಟಿ ಹಾಕಿ, ಬಚ್ಚಲಮನೆಯ ಮೇಲಿನ ಲಾಫ್ಟಿನಲ್ಲಿ ಇಟ್ಟೆ. ಮೂರು ಮಳೆಗಾಲ ಅಲ್ಲೇ ಭದ್ರವಾಗಿತ್ತು.

ಜಗಲಿಯಲ್ಲಿ ಕೂತು ಪೊಟ್ಟಣ ಬಿಚ್ಚಿದೆ. ಕಾಗದ ಅಲಗಿಗೆ ಅಂಟಿಕೊಂಡಿತ್ತು. ಸುಲಿದಾಗ ಒಂದು ಜಾಹೀರಾತಿನ ಅಕ್ಷರಗಳು ಕಬ್ಬಿಣದ ಮೇಲೆ ಕೆಂಪಾಗಿ, ತಿರುಗುಮುರುಗಾಗಿ ಉಳಿದಿದ್ದವು. ಅಲಗಿನ ಬುಡದಲ್ಲಿ ಮಣೆಗೆ ಕೂದಲೆಳೆಗಿಂತ ದಪ್ಪನೆಯ ಒಂದು ಬಿರುಕು. ಮಣೆಯ ಅಂಚಿನಲ್ಲಿ ಸೂಜಿಮೊನೆಯಷ್ಟು ತೂತುಗಳು. ತಟ್ಟಿದರೆ ಗೋದಿಹಿಟ್ಟಿನಂಥ ಹುಡಿ ಉದುರಿತು.

ಚಿಕ್ಕಮ್ಮ ಹೆಚ್ಚುವುದನ್ನು ನಿಲ್ಲಿಸಲಿಲ್ಲ. ಕಣ್ಣು ಮಾತ್ರ ಇತ್ತ ಬಂತು. “ಕೂಸೇ, ಎಂತ ಮಾಡಿಟ್ಟಿದ್ಯೇ ಇದನ್ನ?”

“ಜೋಪಾನ ಮಾಡಿಟ್ಟಿದ್ದೆ ಚಿಕ್ಕಮ್ಮ.”

“ಹೌದಾ,” ಎಂದಳು. ಅಷ್ಟೇ. ಇನ್ನೊಂದು ಮೊಗೆಕಾಯಿ ತೆಗೆದುಕೊಂಡಳು.

ಅವಳ ಮೆಟ್ಟುಗತ್ತಿಯನ್ನು ಯಾರೂ ಜೋಪಾನ ಮಾಡಿದ್ದಿಲ್ಲ. ಅದರ ಅಲಗು ಹೊಳೆಯುವುದಿಲ್ಲ. ಅಮಾವಾಸ್ಯೆಯ ಬಣ್ಣ, ಬಾಯಿಯ ಅಂಚಿನಲ್ಲಿ ಮಾತ್ರ ಬೆಳ್ಳಿಯ ಒಂದು ಗೆರೆ. ಈ ಕಪ್ಪು ಕೊಳೆಯಲ್ಲ. ಬಾಳೆಕಾಯಿ, ಬದನೆ, ಬಾಳೆಹೂವು, ಎಳೆ ಹಲಸು, ಇವುಗಳ ಒಗರು ಕಬ್ಬಿಣದ ಜೊತೆ ಕೂಡಿ ದಿನಕ್ಕೊಂದು ಅಣುವಿನಷ್ಟು ಕಟ್ಟಿದ ಪೊರೆ. ಒಗರೆಂದರೆ ಟ್ಯಾನಿನ್. ಅದು ತುಕ್ಕಿನ ಕೆಂಪನ್ನು ಹಿಡಿದು ಕರಿಯದಾಗಿ, ಗಟ್ಟಿಯಾಗಿ ಬದಲಿಸುತ್ತದೆ. ಕೆಂಪು ತುಕ್ಕು ಸಡಿಲ, ಉದುರುತ್ತದೆ, ಉದುರಿದ ಜಾಗದಲ್ಲಿ ಹೊಸ ಕಬ್ಬಿಣ ಗಾಳಿಗೆ ತೆರೆದುಕೊಂಡು ಮತ್ತೆ ತುಕ್ಕಾಗುತ್ತದೆ. ಕರಿಯ ಪೊರೆ ಹಾಗಲ್ಲ, ಕಚ್ಚಿಕೊಂಡು ಕೂರುತ್ತದೆ. ಪೇಟೆಯ ನಾವು ‘ಕ್ಲೀನ್’ ಮಾಡಲು ಹೊರಟು ಮೊದಲು ತಿಕ್ಕಿ ತೆಗೆಯುವುದು ಇದನ್ನೇ.

ಅಡಿಕೆಯ ಸೀಮೆಯಲ್ಲಿ ಇದನ್ನು ಯಾರಿಗೂ ರಸಾಯನಶಾಸ್ತ್ರ ಎಂದು ಹೇಳಿಕೊಡಬೇಕಿಲ್ಲ. ಅಂಗೈಯನ್ನೇ ನೋಡಿಕೊಂಡರೆ ಸಾಕು. ಕೊನೆಕೊಯ್ಲು ಶುರುವಾದರೆ ಕೊನೆಗೌಡ ಮರದಿಂದ ಇಳಿಸಿದ ಹಸಿ ಅಡಿಕೆಯನ್ನು ಅಂದಂದೇ ಸುಲಿಯಬೇಕು. ಒಂದು ಕಾಲಕ್ಕೆ ಅದೆಲ್ಲ ಮೆಟ್ಟುಗತ್ತಿಯದೇ ಕೆಲಸ. ಅಡುಗೆಮನೆಯದಲ್ಲ, ಅಡಿಕೆಗೇ ಮೀಸಲಾದ, ಸಣ್ಣ ನೆಟ್ಟಗಿನ ಅಲಗಿನದು. ಅಂಗಳದ ಚಪ್ಪರದಡಿ ಹತ್ತು ಹನ್ನೆರಡು ಜನ ಸುತ್ತ ಕೂತು, ನಡುವೆ ಒಂದು ಲಾಟೀನು, ಆಮೇಲೆ ಒಂದು ಬಲ್ಬು. ಅಡಿಕೆ ಅಲಗಿಗೆ ಒತ್ತಿದರೆ ಸಿಪ್ಪೆ ಎರಡು ಹೋಳಾಗಿ ಹಿಂದಕ್ಕೆ, ಬೇಳೆ ಬುಟ್ಟಿಗೆ. ಊರಿನ ಸುದ್ದಿಯೂ ಅದೇ ವೇಗದಲ್ಲಿ ಸುಲಿದು ಬೀಳುತ್ತಿತ್ತು. ಯಾರ ಮನೆಯ ಹೆಣ್ಣಿಗೆ ಎಲ್ಲಿ ಗಂಡು ನೋಡಿದರು, ಯಾರ ಪಾಲಿನ ತೋಟಕ್ಕೆ ಯಾರು ಬೇಲಿ ಹಾಕಿದರು ಎಲ್ಲ. ಸುಗ್ಗಿ ಮುಗಿಯುವಷ್ಟರಲ್ಲಿ ಸುಲಿಯುವವರ ಬೆರಳು ಕಪ್ಪು, ಅಲಗು ಕಪ್ಪು. ಈಗ ಸುಲಿಯುವ ಯಂತ್ರ ಬಂದಿದೆ. ಯಂತ್ರದ ಸದ್ದಿನಲ್ಲಿ ಸುದ್ದಿ ಹೇಳಲಾಗುವುದಿಲ್ಲ.

ಅಡುಗೆಮನೆಯ ಮೆಟ್ಟುಗತ್ತಿಗೂ ಇಂಥದೇ ರಾತ್ರಿಗಳಿದ್ದವು. ಮದುವೆಯ, ಉಪನಯನದ ಹಿಂದಿನ ಸಂಜೆ ಊರವರೆಲ್ಲ ತರಕಾರಿ ಹೆಚ್ಚಲು ಬರುವಾಗ ಕಂಕುಳಲ್ಲಿ ತಂತಮ್ಮ ಮೆಟ್ಟುಗತ್ತಿ ಹಿಡಿದೇ ಬರುತ್ತಿದ್ದರು. ಬೇರೆಯವರ ಕತ್ತಿಯಲ್ಲಿ ಕೈ ಓಡುವುದಿಲ್ಲ. ಮಣೆ ಅದಲುಬದಲಾಗದಂತೆ ಮೇಲ್ಮೈಯ ಹಿಂತುದಿಗೆ ಮೊಳೆ ಕಾಯಿಸಿ ಗುರುತು ಸುಡುತ್ತಿದ್ದರು. ಅಮ್ಮನ ಮಣೆಯ ಮೇಲೆ ಅಂಥ ಮೂರು ಚುಕ್ಕೆಗಳಿವೆ, ಚಿಕ್ಕಮ್ಮನದಕ್ಕೆ ನಾಲ್ಕು. ವಾರ್ನಿಷಿನ ಕೆಳಗೆ ಆ ಮೂರು ಚುಕ್ಕೆಗಳು ಗಾಜಿನ ಪೆಟ್ಟಿಗೆಯಲ್ಲಿಟ್ಟ ಹಾಗೆ ಕಾಣುತ್ತಿದ್ದವು.

ಗಾಜಿನ ಪೆಟ್ಟಿಗೆ ಎಂದಾಗ ನೆನಪಾಯಿತು. ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕಕ್ಕೆ ಹೋದಾಗಲೆಲ್ಲ ನಾನು ಅಡುಗೆಯ, ಬೇಸಾಯದ ಸಲಕರಣೆಗಳ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತೇನೆ. ಅವರು ಕೂಡಿಡದಿದ್ದರೆ ಎಷ್ಟೋ ವಸ್ತು ಸೌದೆಯಾಗಿ, ಗುಜರಿಯಾಗಿ ಹೋಗುತ್ತಿತ್ತು. ಆ ಋಣ ದೊಡ್ಡದು. ಆದರೂ ಇಂಥ ವಸ್ತುವನ್ನು ಹಾಗೆ ನೋಡುವಾಗ ಏನೋ ಬಿಟ್ಟುಹೋದಂತೆ ಅನಿಸುತ್ತದೆ. ಬಿಟ್ಟುಹೋಗಿರುವುದು ಕಾಲು. ಕೂರುವ ಭಂಗಿ ಇಲ್ಲದೆ ಮೆಟ್ಟುಗತ್ತಿ ಪೂರ್ತಿಯಾಗುವುದಿಲ್ಲ. ಅರಬ್ಬಿ ಸಮುದ್ರದ ಈ ದಡದಿಂದ ಬಂಗಾಳ ಕೊಲ್ಲಿಯ ಆ ದಡದವರೆಗೆ ಇದೇ ಭಂಗಿ: ಮರಾಠಿಯ ವಿಳಿ, ತಮಿಳಿನ ಅರಿವಾಳ್‌ಮನೈ, ತೆಲುಗಿನ ಕತ್ತಿಪೀಟ, ಬಂಗಾಳಿಯ ಬೋಂಟಿ. ಬಂಗಾಳಿಗಳು ಮೀನಿಗೆ ಒಂದು, ತರಕಾರಿಗೆ ಒಂದು ಎಂದು ಬೇರೆ ಬೇರೆ ಬೋಂಟಿ ಇಡುವವರು. ಅಲ್ಲಿನ ಕಾಲಿಘಾಟ್ ಪಟಗಳಲ್ಲಿ ಮೀನಿನ ಬೋಂಟಿ ಒಂದು ಕೊಲೆಯ ಕತೆಯಲ್ಲೂ ಬರುತ್ತದೆ, 1873ರ ತಾರಕೇಶ್ವರದ ಪ್ರಕರಣ. ಅದನ್ನು ಚಿಕ್ಕಮ್ಮನಿಗೆ ಹೇಳಿದೆ. “ಅದಕ್ಕೇ ಕತ್ತಿ ಎಬ್ಬಿಸಿಟ್ಟು ಏಳಬಾರ್ದು ಅನ್ನದು,” ಎಂದಳು.

ಅವಳ ನಿಯಮಗಳು ಹೀಗೆ, ಕಾರಣ ಕೇಳಿದರೆ ಸಿಗುವುದಿಲ್ಲ. ಹೆಚ್ಚಿ ಮುಗಿದರೆ ಕತ್ತಿಯನ್ನು ಮಗ್ಗುಲಾಗಿ ಮಲಗಿಸಬೇಕು, ಬಾಯಿ ಗೋಡೆಗೆ. ದಾಟಬಾರದು. ಕೈಯಿಂದ ಕೈಗೆ ಕೊಡಬಾರದು, ನೆಲದ ಮೇಲಿಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ಮಕ್ಕಳಿರುವ ಮನೆಯಲ್ಲಿ ಕಾರಣ ಬೇರೆ ಹುಡುಕಬೇಕಾಗಿಯೂ ಇಲ್ಲ. ಆದರೆ ಈ ಮಲಗಿಸುವ ಮಾತು ಕಬ್ಬಿಣಕ್ಕೂ ಹಿತ ಎಂದು ಅವತ್ತು ಮಧ್ಯಾಹ್ನ ತಿಳಿಯಿತು. ನಿಲ್ಲಿಸಿಟ್ಟರೆ ಅಲಗಿನ ಮೇಲಿನ ನೀರು ಇಳಿದು ಬುಡಕ್ಕೆ, ಮಣೆಯ ಗೂಡಿಗೆ ಹೋಗುತ್ತದೆ. ಮಲಗಿಸಿದರೆ ಹೊರಗೇ ಬಸಿದುಹೋಗುತ್ತದೆ.

ತಿಳಿಸಿದವರು ಆಚಾರ್ರು. ಊರಿನ ತಿರುವಿನಲ್ಲಿ ಅವರ ಕುಲುಮೆ. ತಿದಿಯ ಜಾಗದಲ್ಲಿ ಈಗ ಕರೆಂಟಿನ ಗಾಳಿಯಂತ್ರವಿದೆ, ಆಯುಧಪೂಜೆಯ ಮುನ್ನಾದಿನ ಅದಕ್ಕೆ ಪುರುಸೊತ್ತಿಲ್ಲ. ಬಾಗಿಲ ಹೊರಗೆ ಹರಿತಕ್ಕೆ ಬಂದ ಕತ್ತಿಗಳ ರಾಶಿ. ನನ್ನ ಗಂಟು ನೋಡಿ ಅವರು ಅಲಗನ್ನು ಹೆಬ್ಬೆರಳಿನಿಂದ ಮಿಡಿದರು, ಕಿವಿ ಕೊಟ್ಟರು.

“ಅಲಗು ಗಟ್ಟಿ ಅದೆ ಅಮ್ಮ. ಲಾರಿ ಪ್ಲೇಟಿಂದು. ಹಾಳಾಗಿರದು ಅಲಗಲ್ಲ.”

ಲಾರಿ ಪ್ಲೇಟು! ಕುಟುಂಬದ ಕತೆಯಲ್ಲಿ ಆ ಅಲಗು ಅಜ್ಜನ ಅಜ್ಜನ ಕಾಲದ್ದು. ಲಾರಿಯ ಚಕ್ರದ ಮೇಲಿನ ಕಮಾನು ಪಟ್ಟಿಯನ್ನು ಕಾಯಿಸಿ ಬಡಿದು ಕತ್ತಿ ಮಾಡುವುದು ನಾಡಿನ ಹಲವು ಕುಲುಮೆಗಳ ರೂಢಿ. ಆ ಉಕ್ಕಿನಲ್ಲಿ ನೂರಕ್ಕೆ ಅರ್ಧದಷ್ಟೋ ಸ್ವಲ್ಪ ಹೆಚ್ಚೋ ಇಂಗಾಲವಿರುತ್ತದೆ, ಹರಿತ ನಿಲ್ಲುತ್ತದೆ. ಆದರೆ ಅಜ್ಜನ ಅಜ್ಜನ ಕಾಲಕ್ಕೆ ಸಾಗರದಲ್ಲಿ ಲಾರಿ ಎಲ್ಲಿತ್ತು? ಮಣೆ ಅಜ್ಜ ಮಾಡಿಸಿದ್ದು, ಅಲಗು ಯಾವುದೋ ಲಾರಿಯದು. ಪರಂಪರೆಯನ್ನು ಒಂದು ಮೆಟ್ಟಿಲು ಇಳಿಸಿಕೊಂಡೆ.

ಆಚಾರ್ರು ಮಣೆಯನ್ನು ಮಗುಚಿದರು. ಅಲಗಿನ ಬಾಲ ಮಣೆಯ ಗೂಡಿನ ಮೂಲಕ ಇಳಿದು ಅಡಿಯಲ್ಲಿ ಮಡಚಿಕೊಂಡಿರುತ್ತದೆ. ಆ ಮಡಿಕೆಯನ್ನು ಉಳಿಯಿಂದ ಬಿಡಿಸಿ, ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದಾಗ ಗೂಡಿನಿಂದ ಮೊದಲು ಬಂದದ್ದು ಬಾಲವಲ್ಲ, ಒಂದು ಹಿಡಿ ಕೆಂಪು ಚಕ್ಕೆ. ಆಮೇಲೆ ಇಲಿ ತಿಂದುಬಿಟ್ಟ ಕೊಬ್ಬರಿಯಂತಾಗಿದ್ದ ಬಾಲ.

“ನೋಡಿ, ಎಲ್ರೂ ಅಲಗಿಗೆ ಎಣ್ಣೆ ಹಚ್ತಾರೆ. ಮಣೆ ಒರೆಸ್ತಾರೆ. ಇದು ಸಾಯದು ಈ ಗೂಡಲ್ಲಿ.”

ಆ ಮಾತನ್ನು ಬಿಡಿಸಿ ನೋಡಿದರೆ ಕಬ್ಬಿಣ, ಮರಗಳ ಸಂಸಾರದ ಇಡೀ ಜಗಳ ಅಲ್ಲಿದೆ. ಮರ ಉಸಿರಾಡುವ ವಸ್ತು. ಮಳೆಗಾಲದಲ್ಲಿ ಗಾಳಿಯ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಬಿಟ್ಟು ಕುಗ್ಗುತ್ತದೆ. ಅದೂ ಉದ್ದಕ್ಕೆ ಹೆಚ್ಚುಕಮ್ಮಿ ಏನೂ ಇಲ್ಲ, ಎಲ್ಲ ಅಡ್ಡಕ್ಕೇ. ಕಬ್ಬಿಣ ಹಾಗೆ ಅಲ್ಲಾಡುವುದಿಲ್ಲ. ಒಂದು ಉಬ್ಬಿ ಕುಗ್ಗುವಾಗ ಇನ್ನೊಂದು ಸುಮ್ಮನೆ ನಿಂತರೆ ನಡುವೆ ಸಂದು ಬೀಳಲೇಬೇಕು. ಸಂದಿಗೆ ನೀರು. ಗಾಳಿಯ ತೇವ ಶೇಕಡ 60ರ ಆಚೀಚೆ ದಾಟಿತೆಂದರೆ ಕಬ್ಬಿಣಕ್ಕೆ ತುಕ್ಕು ಬೇಗ ಬೇಗ ಏರುತ್ತದೆ; ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದಕ್ಕಿಂತ ಕೆಳಗಿಳಿದ ದಿನ ಬಂದರೆ ಹಪ್ಪಳ ಒಣಗಿಸುತ್ತೇವೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಗೂಡಿನೊಳಗೆ ಜಾಗವಿಲ್ಲ. ಹಾಗಾಗಿ ಮರವನ್ನು ಸೀಳುತ್ತದೆ. ಸೀಳಿದ ಮೇಲೆ ಅದೇ ತುಕ್ಕು ಪುಡಿಯಾಗಿ ಉದುರಿ, ಕತ್ತಿ ಸಡಿಲವಾಗಿ, ‘ಕಟಕ್’.

ನನ್ನ ವಾರ್ನಿಷ್ ಮಣೆಯ ಮೇಲ್ಭಾಗದ ಉಸಿರು ಕಟ್ಟಿತ್ತು, ಅಡಿಭಾಗಕ್ಕೆ ಹುಡುಗ ಬಳಿದಿರಲಿಲ್ಲ. ಒಂದು ಮುಖ ಮುಚ್ಚಿ ಇನ್ನೊಂದು ತೆರೆದ ಹಲಗೆ ಸೊಟ್ಟಗಾಗದೆ ಇನ್ನೇನು? ಪ್ಲಾಸ್ಟಿಕ್ಕಿನದು ಇನ್ನೂ ಸರಳ. ತೊಳೆದು ಒರೆಸಿದ್ದೆನೇ ಹೊರತು ಒಣಗಿಸಿರಲಿಲ್ಲ. ಗೂಡಿನೊಳಗಿನ ನೀರು, ಕಾಗದ ಹೀರಿಕೊಂಡ ನೀರು ಹೊರಗೆ ಹೋಗಲು ದಾರಿಯಿಲ್ಲದೆ ಮೂರು ವರ್ಷ ಅಲ್ಲೇ ಸುತ್ತಾಡಿತು. ಇನ್ನು ಆ ಸೂಜಿತೂತುಗಳು. ಮಲೆನಾಡಿನವರು ಕುಟ್ಟೆ ಎನ್ನುವ ಹುಳ ಅದು. ಹಲಸಿನ ಒಳಗಿನ ಹಳದಿ ಚೇಗು ಅದಕ್ಕೆ ರುಚಿಸುವುದಿಲ್ಲ, ಗೆದ್ದಲಿಗೂ ಅಷ್ಟಕ್ಕಷ್ಟೇ. ಆದರೆ ಮಣೆಯ ಅಂಚಿನಲ್ಲಿ ಉಳಿದುಬಿಟ್ಟ ಬಿಳಿ ಮರದಲ್ಲಿ ಪಿಷ್ಟವಿರುತ್ತದೆ, ಅದು ಹಬ್ಬ. ಬಡಗಿ ಆ ಅಂಚನ್ನು ಆಗಲೇ ಕೆತ್ತಿ ತೆಗೆಯಬೇಕಿತ್ತು. ಅಜ್ಜ ಅಗಲದ ಮಣೆ ಬೇಕೆಂದು ಹಟ ಹಿಡಿದಿರಬೇಕು.

ಅದೇ ಬಿಳಿ ಅಂಚು ಚಿಕ್ಕಮ್ಮನ ಮಣೆಯಲ್ಲೂ ಇದೆ. ಅಲ್ಲಿ ಹುಳ ಏಕೆ ಬರಲಿಲ್ಲ? ಇದಕ್ಕೆ ಉತ್ತರ ಆಚಾರ್ರ ಬಳಿಯಲ್ಲ, ಅಡುಗೆಮನೆಯಲ್ಲಿತ್ತು. ಈ ಮನೆಯಲ್ಲಿ ಗ್ಯಾಸಿದೆ, ಸೌದೆ ಒಲೆಯೂ ಇದೆ. ಒಲೆಯ ಪಕ್ಕ ಗೋಡೆಯ ಬುಡದಲ್ಲಿ ಮೆಟ್ಟುಗತ್ತಿಯ ಜಾಗ. ಎಷ್ಟೋ ವರ್ಷಗಳ ಹೊಗೆ ಆ ಮೂಲೆಯನ್ನು ಕರಿ ಮಾಡಿದೆ, ಮಣೆಯನ್ನೂ. ಹೊಗೆಯಲ್ಲಿರುವ ಕಟುವಾದ ಅಂಶಗಳು ಹುಳಕ್ಕೆ ಸೇರುವುದಿಲ್ಲ, ಒಲೆಯ ಕಾವಿಗೆ ಆ ಒಂದು ಮೊಳ ಜಾಗ ಆಷಾಢದಲ್ಲೂ ಒಣ. ಹಿಂದಿನವರು ಕತ್ತಿಯನ್ನು ಅಲ್ಲಿಟ್ಟದ್ದು ಕೈಗೆ ಸಿಗಲಿ ಎಂದು. ಕೈಗೆ ಸಿಗುವ ಜಾಗವೇ ಕಾಪಾಡುವ ಜಾಗವೂ ಆಗಿತ್ತು. ಒಲೆ ಹೋದ ಮನೆಗಳಲ್ಲಿ ಮೆಟ್ಟುಗತ್ತಿ ಸಿಂಕಿನ ಕೆಳಗೆ ಹೋಗಿದೆ. ಅದಕ್ಕಿಂತ ಕೆಟ್ಟ ಜಾಗವನ್ನು ಮನೆಯಲ್ಲಿ ಹುಡುಕಿ ತೆಗೆಯುವುದು ಕಷ್ಟ. ಬಚ್ಚಲಿನ ಮೇಲಿನ ಲಾಫ್ಟ್ ಬಿಟ್ಟರೆ.

ಕಬ್ಬಿಣವೆಂದ ಮೇಲೆ ಮಳೆಗೆ ಹೆದರಲೇಬೇಕೆಂದೇನೂ ಇಲ್ಲ. ಕೊಡಚಾದ್ರಿಯ ಮೇಲೆ, ಮೂಲ ಮೂಕಾಂಬಿಕೆಯ ಗುಡಿಯೆದುರು ಒಂದು ಕಬ್ಬಿಣದ ಕಂಬ ನಿಂತಿದೆ. ಅಲ್ಲಿ ಬೀಳುವ ಮಳೆಯನ್ನು ನೋಡಿದವರಿಗೆ ಅದು ಇನ್ನೂ ನಿಂತಿರುವುದೇ ಸೋಜಿಗ. ದೆಹಲಿಯ ಕುತುಬ್ ಆವರಣದ ಕಂಬಕ್ಕೆ ಸುಮಾರು 1,600 ವರ್ಷ. ಅದರ ಕಬ್ಬಿಣದಲ್ಲಿ ರಂಜಕ ಹೆಚ್ಚಿದ್ದು, ಮೈಮೇಲೆ ತೆಳುವಾದ ಕಾಪು ಕಟ್ಟಿಕೊಂಡಿದೆ ಎನ್ನುತ್ತಾರೆ ಲೋಹ ಬಲ್ಲವರು. ಲಾರಿಯ ಪ್ಲೇಟಿಗೆ ಆ ಭಾಗ್ಯವಿಲ್ಲ. ಅದರ ಕಾಪನ್ನು ಮನೆಯವರೇ ಕಟ್ಟಬೇಕು.

ಆಚಾರ್ರ ಕೆಲಸ ಒಂದೂವರೆ ಗಂಟೆ ನಡೆಯಿತು. ತಿಂದುಹೋದ ಬಾಲಕ್ಕೆ ಹೊಸ ತುಂಡು ಬೆಸೆದರು. ಅಲಗಿನ ತುಕ್ಕನ್ನು ತಂತಿಯ ಬ್ರಷ್ಷಿನಲ್ಲಿ ಉಜ್ಜಿದರು. ಪಕ್ಕದಲ್ಲೇ ಕರೆಂಟಿನ ಸಾಣೆಕಲ್ಲಿದ್ದರೂ ಅದಕ್ಕೆ ಕೊಡಲಿಲ್ಲ. “ಕಿಡಿ ಹಾರಿಸಿ ಕೊಟ್ರೆ ನೀವು ಖುಷಿಯಾಗ್ತೀರಿ. ಬಾಯಿ ನೀಲಿಯಾದ್ರೆ ಕತ್ತಿ ಸತ್ತ ಹಾಗೆ.” ಉಕ್ಕು ಅತಿಯಾಗಿ ಬಿಸಿಯಾದರೆ ಮೇಲೆ ನೀಲಿ ಬಣ್ಣ ಏಳುತ್ತದೆ, ಹದ ಇಳಿದು ಮೆತ್ತಗಾಗುತ್ತದೆ. ಅದರ ಬದಲು ಕಲ್ಲಿಗೆ ನೀರು ಚಿಮುಕಿಸಿ, ಕೈಯಲ್ಲೇ, ಬುಡದಿಂದ ಕೊಕ್ಕಿನವರೆಗೆ ಒಂದೇ ಬೀಸಿನಲ್ಲಿ ಎಳೆದರು. ಮಣೆಯ ಗೂಡನ್ನು ಉಳಿಯಿಂದ ಕೆರೆದು, ಒಲೆಯ ಬದಿಗಿಟ್ಟು ಒಣಗಿಸಿದರು. ಬಿರುಕಿಗೆ ಅಡ್ಡಲಾಗಿ ಅಡಿಯಲ್ಲಿ ಒಂದು ಹಿತ್ತಾಳೆ ಪಟ್ಟಿ. ಆಮೇಲೆ ಅರಗು.

ಅರಗು ಕರಗುವ ವಾಸನೆ ಬಂದಾಗ ನಾನು ಬಾಲ್ಯದ ಅಂಚೆಕಚೇರಿಗೆ ಹೋಗಿಬಂದೆ. ಕುಡುಗೋಲಿನ ಹಿಡಿಗೆ, ಚೂರಿಯ ಹಿಡಿಗೆ ಕತ್ತಿಯ ಬಾಲವನ್ನು ಕೂರಿಸಲು ಕಮ್ಮಾರರು ಬಳಸುವುದು ಇದನ್ನೇ. ಬಿಸಿಯಾಗಿ ಹೊಯ್ದರೆ ಪ್ರತಿ ಸಂದಿಗೂ ಹರಿದು ತುಂಬುತ್ತದೆ, ಆರಿದರೆ ಕಲ್ಲಾಗುತ್ತದೆ, ನೀರನ್ನು ಒಳಗೆ ಬಿಡುವುದಿಲ್ಲ. ಮುಂದೆ ಎಂದಾದರೂ ಬಿಚ್ಚಬೇಕೆಂದರೆ ಮತ್ತೆ ಕಾಯಿಸಿದರಾಯಿತು. ಅಂಗಡಿಯಲ್ಲಿ ಸಿಗುವ ಎರಡು ಟ್ಯೂಬಿನ ಅಂಟು ಇದಕ್ಕಿಂತ ಗಟ್ಟಿ ಇರಬಹುದು, ಆದರೆ ಅದು ಒಮ್ಮೆ ಹಿಡಿದರೆ ಮುಂದಿನ ಆಚಾರಿಗೆ ಕೆಲಸವಿಲ್ಲ. ಮರಕ್ಕೆ ಪೆಟ್ಟಾಗದಂತೆ ಬಿಡಿಸುವುದು ಕಷ್ಟ.

ಮನೆಗೆ ಬಂದ ಮೇಲೆ ಚಿಕ್ಕಮ್ಮ ತನ್ನ ಪಾಲಿನ ಚಿಕಿತ್ಸೆ ಶುರು ಮಾಡಿದಳು. ಗಾಜುಪುಡಿ ಕಾಗದದಲ್ಲಿ ವಾರ್ನಿಷ್ ತಿಕ್ಕುವ ಕೆಲಸ ನನಗೆ. ಅವಳು ಮೆತ್ತಿಗೆ ಹೋಗಿ, ಹೋದ ಸುಗ್ಗಿಯ ಚೊಗರು ತುಂಬಿಟ್ಟಿದ್ದ ಪಾತ್ರೆಯಿಂದ ಒಂದು ಲೋಟ ತಂದಳು. ಅಡಿಕೆ ಬೇಯಿಸಿ ಉಳಿದ ಮಂದವಾದ ಕೆಂಪು ರಸ, ಮುಂದಿನ ಸುಗ್ಗಿಯ ಅಡಿಕೆಗೆ ಬಣ್ಣ ಕೊಡಲು ಇಟ್ಟಿದ್ದು. ಹುಣಸೆಯಲ್ಲಿ ಉಜ್ಜಿ ತೊಳೆದು ಒಣಗಿಸಿದ ಅಲಗಿಗೆ ಬಟ್ಟೆಯಲ್ಲಿ ಅದನ್ನು ಬಳಿದಳು. ಬಳಿದಾಗ ಕೆಂಪು. ಒಳಗೆ ಹೋಗಿ ಕಾಫಿ ಕುಡಿದು ಬರುವಷ್ಟರಲ್ಲಿ ಅಲಗು ಮೋಡ ಕವಿದಂತೆ ಕಪ್ಪಾಗತೊಡಗಿತ್ತು. ಇನ್ನೆರಡು ಕೈ ಬಳಿದಳು. ಪೇಟೆಯಲ್ಲಿ ಚೊಗರೆಲ್ಲಿಂದ ತರುವುದು ಎಂದೆ. ಟೀ ಪುಡಿ ಇಲ್ಲವಾ ಎಂದಳು. ಟೀಯ ಒಗರೂ ಅದೇ ಜಾತಿಯದು.

ಎಣ್ಣೆಯ ವಿಷಯಕ್ಕೆ ಅವಳಿಗೂ ನನಗೂ ಸ್ವಲ್ಪ ವಾದವಾಯಿತು. ಅವಳದು ಎಲ್ಲದಕ್ಕೂ ಕೊಬ್ಬರಿ ಎಣ್ಣೆ. ಅಲಗಿಗೆ ಸರಿ, ದಿನಾ ಬಳಸುವ ಕತ್ತಿಗೆ ತೆಳ್ಳಗೆ ಸವರಿದರೆ ಸಾಕು, ಹಲಸಿನ ಮೇಣ ಬಿಡಿಸಲೂ ಅದೇ ಬೇಕು. ಆದರೆ ಕೊಬ್ಬರಿ ಎಣ್ಣೆ ಎಷ್ಟು ದಿನ ಇಟ್ಟರೂ ಒಣಗಿ ಪೊರೆ ಕಟ್ಟುವುದಿಲ್ಲ, ಮರದ ಮೇಲೆ ಜಿಡ್ಡಾಗಿ ಉಳಿದು ಧೂಳು ಹಿಡಿಯುತ್ತದೆ. ಮಣೆಗೆ ಅಗಸೆ ಎಣ್ಣೆ ಮೇಲು. ಅದು ಗಾಳಿಯ ಆಮ್ಲಜನಕ ಹೀರಿ ವಾರದಲ್ಲಿ ಗಟ್ಟಿಯಾಗುತ್ತದೆ, ಮರದ ಒಳಗೇ ಪೊರೆಯಾಗುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಬಿಸಾಡಬಾರದು. ಆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಬೆಂಕಿಯೇ ಏಳಬಹುದು. ಬಿಡಿಸಿ ತಂತಿಯ ಮೇಲೆ ಒಣಹಾಕಬೇಕು. ಹೊರಗಿದ್ದ ಕೆಲಸದಾಳು ಇದನ್ನೆಲ್ಲ ಕೇಳಿಸಿಕೊಂಡು, “ಗೇರೆಣ್ಣೆ ಹೊಡೀರಿ, ಹುಳ ಅಪ್ಪನಾಣೆ ಬರಲ್ಲ,” ಎಂದ. ನಿಜವೇ, ಮನೆಯ ಪಕಾಸಿಗೆ, ಕಂಬಕ್ಕೆ ಅದಕ್ಕಿಂತ ಒಳ್ಳೆಯ ಕಾಪಿಲ್ಲ. ಆದರೆ ಗೇರುಬೀಜದ ಸಿಪ್ಪೆಯ ಆ ಎಣ್ಣೆ ತಾಗಿದರೆ ಚರ್ಮದಲ್ಲಿ ಬೊಬ್ಬೆ ಏಳುತ್ತದೆ. ಕಾಲಿಟ್ಟು ಕೂರುವ, ಹೋಳು ಬೀಳುವ ಮಣೆಗೆ ಅದು ಬೇಡವೇ ಬೇಡ. ಈ ಒಂದು ವಿಷಯದಲ್ಲಿ ಚಿಕ್ಕಮ್ಮ ನನ್ನ ಪಕ್ಷ. ಕುಟ್ಟೆಗೆ ಅವಳ ಮದ್ದು ಬೇರೆ: ಮಣೆಯನ್ನು ನಾಲ್ಕು ದಿನ ಅಡಿಕೆ ಒಣಗಿಸುವ ಅಟ್ಟದ ಮೇಲೆ ಸುಡುಬಿಸಿಲಿಗೆ ಹಾಕುವುದು, ಆಮೇಲೆ ಒಲೆಯ ಮೇಲಿನ ಹೊಗೆಗೆ. ಬಿಸಿಲು ಮಾತ್ರ ಅಂದು ಇರಲಿಲ್ಲ.

ಮರುದಿನ ನಡುಮನೆಯಲ್ಲಿ ಎಲ್ಲವೂ ಕುಂಕುಮ ಹಚ್ಚಿಕೊಂಡು, ಚೆಂಡುಹೂ ಮುಡಿದು ಕೂತವು. ಎರಡು ಮೆಟ್ಟುಗತ್ತಿಗಳೂ ಅಕ್ಕಪಕ್ಕ. ಒಂದೇ ಮರದವೆಂದು ಈಗಲೂ ಗುರುತು ಹಿಡಿಯಬಹುದು, ಗೆರೆಗಳು ಒಂದರಿಂದ ಇನ್ನೊಂದಕ್ಕೆ ಹರಿದಂತಿವೆ. ಚಿಕ್ಕಮ್ಮನದರ ನಡುವೆ, ಬಲ ಪಾದ ಊರುವಲ್ಲಿ, ಒಂದು ತಗ್ಗು. ಅಮ್ಮಮ್ಮನ ಕಾಲು, ಆಮೇಲೆ ಇವಳ ಕಾಲು. ಅಮ್ಮನ ಮಣೆಯಲ್ಲಿ ಆ ತಗ್ಗು ಇದೆಯೋ ಎಂದು ಕೈಯಾಡಿಸಿದೆ. ಇತ್ತು, ಬಹಳ ಆಳವಿಲ್ಲ.

ಹೊರಡುವ ದಿನ ನಾನು ಒಂದು ಪಟ್ಟಿ ಮಾಡಿಕೊಂಡಿದ್ದೆ: ಪ್ಲಾಸ್ಟಿಕ್ ಬೇಡ, ಹಳೆಯ ಹತ್ತಿಯ ಪಂಚೆ ಸುತ್ತುವುದು, ಅಲಗಿನ ಬಾಯಿಗೆ ಅಡಿಕೆ ಹಾಳೆಯ ಸೀಳು ಮಡಚಿ ಕಟ್ಟುವುದು, ಲಾಫ್ಟಿನ ಬದಲು ಮಲಗುವ ಕೋಣೆಯ ಒಣ ಗೋಡೆಯ ಕಪಾಟು, ಜೊತೆಗೆ ಶೂ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪುಡಿಕೆ, ಅದನ್ನು ಆಗಾಗ ಬಿಸಿ ಮಾಡಿ ಒಣಗಿಸುವುದು, ಜೂನ್‌ನಲ್ಲೊಮ್ಮೆ ಸೆಪ್ಟೆಂಬರ್‌ನಲ್ಲೊಮ್ಮೆ ತೆಗೆದು ನೋಡುವುದು. ಚಿಕ್ಕಮ್ಮ ಪಟ್ಟಿಯನ್ನು ಪೂರ್ತಿ ಕೇಳಿದಳು.

“ಹೆಚ್ಚದು ಯಾವಾಗ?”

ಪಟ್ಟಿಯಲ್ಲಿ ಅದಿರಲಿಲ್ಲ. ನನಗೆ ಕೂತು ಹೆಚ್ಚಲು ಬರುವುದೂ ಇಲ್ಲ. ಹಿಂದಿನ ಸಂಜೆ ಪ್ರಯತ್ನಿಸಿ, ಒಂದು ಬದನೆ ಮುಗಿಸುವಷ್ಟರಲ್ಲಿ ಕಾಲು ಜೋಮು ಹಿಡಿದು ಎದ್ದಿದ್ದೆ.

“ಇದು ಇಲ್ಲೇ ಇರ್ಲಿ ಕೂಸೇ. ಮುಂದಿನ ನವರಾತ್ರಿಗೆ ಬಂದಾಗ ತಗಂಡು ಹೋಗು,” ಎಂದಳು. ಖಾಲಿ ಚೀಲದಲ್ಲಿ ಒಂದು ಮೊಗೆಕಾಯಿ, ಒಂದು ಬಾಳೆಗೊನೆಯ ಚಿಪ್ಪು ಹಾಕಿ ಕಳಿಸಿದಳು.

ಜನವರಿಯಲ್ಲಿ ಫೋನು ಮಾಡಿದೆ. ಅಡಿಕೆ ಸುಲಿಯುವ ಯಂತ್ರದ ಸದ್ದು ಹಿಂದಿನಿಂದ. ಬಾಳೆದಿಂಡು ಹೆಚ್ಚುತ್ತಿದ್ದೇನೆ, ನಿಂದರಲ್ಲೇ, ಎಂದಳು. ನನ್ನದು ದೂರದ ಕೋಣೆಯ ಪೆಟ್ಟಿಗೆಯಲ್ಲಿ ಇರಬಹುದೆಂದುಕೊಂಡಿದ್ದೆ. ನಾಲ್ಕು ಚುಕ್ಕೆಯದಕ್ಕೆ ರಜ ಕೊಟ್ಟಿದ್ದಾಳಂತೆ.

“ಅಲ್ಲಾಡ್ತದಾ ಚಿಕ್ಕಮ್ಮ?”

“ಕೇಳಿಸ್ಕೊ,” ಎಂದು ಫೋನನ್ನು ನೆಲದ ಮೇಲಿಟ್ಟಳು. ಯಂತ್ರದ ಗಡಗಡ. ನೀರಿಗೆ ಬಿಲ್ಲೆ ಬೀಳುವ ಸದ್ದು. ಸರಕ್, ಸರಕ್. ನಾರನ್ನು ಬೆರಳಿಗೆ ಸುತ್ತಿಕೊಳ್ಳುವಷ್ಟು ಹೊತ್ತು ಮೌನ. ಸರಕ್. ಆಮೇಲೆ, ತೀರಾ ಸಣ್ಣದಾಗಿ, ಒಂದು ಕಟಕ್.

“ಚಳಿಗಾಳಿಗೆ ಮರ ಒಣಗಿದೆ. ಮಳೆ ಬರ್ಲಿ, ಉಬ್ಬಿ ಕಚ್ಕೊಳ್ತದೆ,” ಎಂದಳು. ಸುಲಿಯುವವರಿಗೆ ಚಾ ಕೊಡುವ ಹೊತ್ತಾಯಿತೆಂದು ಫೋನಿಟ್ಟಳು.